ತಗಡಿನ ಆಚೆ ಬದಿಯ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ಯಾರೇಜುಗಳೇ ತುಂಬಿರುವ ಈ ಬೀದಿಯಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲ ಶಟರುಗಳೂ ಇಳಿದೇ ಇವೆ. ಆ ಒಂದೂ ಪೂರ್ತಿ ಎದ್ದಿಲ್ಲ. ಸೊಂಟದೆತ್ತರಕ್ಕೆ ಎತ್ತಿ, ಜಾರದಂತೆ ಮರದ ತುಂಡೊಂದನ್ನು ಆನಿಸಿದ್ದಾರೆ. ಬಗ್ಗಿ ಒಳಗೆ ಹೋದರೆ ಮೊದಲು ಕಾಣುವುದು ಎರಡು ಬೂಟುಗಾಲು. ಮಿಕ್ಕ ಮೈಯೆಲ್ಲ ಹಳೆಯ ಕಾರೊಂದರ ಹೊಟ್ಟೆಯೊಳಗಿದೆ.

“ಬಂದ್ರಾ? ಸ್ಟೂಲ್ ಮೇಲೆ ಕೂತ್ಕೊಳ್ಳಿ. ಅದರ ಒಂದು ಕಾಲು ಗಿಡ್ಡ, ಹುಷಾರು,” ಎನ್ನುತ್ತದೆ ಕಾರಿನೊಳಗಿನ ದನಿ.

ಅಂಗಾತ ಮಲಗಿದ್ದಾರೆ. ಬಲಗೈ ಗಾಜಿಲ್ಲದ ಹಿಂದಿನ ಕಿಟಕಿಯಿಂದ ಹೊರಗೆ ಚಾಚಿದೆ, ಅದರಲ್ಲೊಂದು ಪುಟ್ಟ ಸುತ್ತಿಗೆ. ಎಡಗೈ ಒಳಗಿದೆ, ಅದರಲ್ಲಿ ಅಂಗೈಯಗಲದ ಕಬ್ಬಿಣದ ಗಟ್ಟಿ. ಎರಡರ ನಡುವೆ ಕಾರಿನ ಮೈತಗಡು. ಹೊರಗಿನಿಂದ ಸುತ್ತಿಗೆ ಟಕ್ ಎಂದಾಗ ಒಳಗಿನ ಗಟ್ಟಿ ಅದೇ ಜಾಗದಲ್ಲಿ ತಗಡಿಗೆ ಆನಿಕೊಂಡಿರಬೇಕು, ಕೂದಲೆಳೆಯಷ್ಟು ಆಚೀಚೆ ಆದರೂ ಉಬ್ಬು ಇಳಿಯುವ ಬದಲು ಹೊಸದೊಂದು ತಗ್ಗು ಬೀಳುತ್ತದೆ. ತಗಡಿನ ಒಳಗಿನ ಕಾಣದ ಕೈಯನ್ನು ಹೊರಗಿನ ಕೈ ಹುಡುಕಿಕೊಂಡು ಹೋಗುತ್ತಿರುವುದನ್ನು ನಾನು ಸ್ಟೂಲಿನ ಮೂರು ಕಾಲಿನ ಮೇಲೆ ಕೂತು ನೋಡುತ್ತಿದ್ದೇನೆ.

ಆ ಗಟ್ಟಿಗೆ ಡಾಲಿ ಎನ್ನುತ್ತಾರೆ. ಅಪಘಾತವಾದ ವಾಹನದ ತಗ್ಗು ತೆಗೆಯುವ ಟಿಂಕರಿಂಗ್ ಕೆಲಸದಲ್ಲಿ ಸಾಮಾನ್ಯವಾಗಿ ಇಬ್ಬರಿರುತ್ತಾರೆ: ಸುತ್ತಿಗೆ ಹೊಡೆಯುವವರೊಬ್ಬರು, ಆಚೆ ಬದಿಯಲ್ಲಿ ಡಾಲಿ ಹಿಡಿಯುವವರೊಬ್ಬರು. “ಹೊಡೆಯೋರು ಎಲ್ಲರಿಗೂ ಕಾಣ್ತಾರೆ. ಹಿಡಿಯೋರು ತಗಡಿನ ಹಿಂದೆ ಇರ್ತಾರೆ. ನಾನು ಮೂವತ್ತೈದು ವರ್ಷ ಹಿಂದೇನೇ ಇದ್ದೆ,” ಎನ್ನುತ್ತಾರೆ ಇವರು, ಕಾರಿನಿಂದ ಒಂದೊಂದೇ ಅಂಗವಾಗಿ ಹೊರಬರುತ್ತಾ. ಎಣ್ಣೆಗಪ್ಪಾದ ಶರಟು, ಮಡಚಿದ ಪ್ಯಾಂಟು, ಬಿಗಿದು ಕಟ್ಟಿದ ನರೆಗೂದಲು. ಮುಂಗೈ ತುಂಬ ಬೆಸುಗೆಯ ಕಿಡಿ ಹಾರಿ ಬಿದ್ದ ಸಣ್ಣ ಸಣ್ಣ ಕಲೆಗಳು.

ಬೀದಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ತಂಗಿ ಎಂದು. ಅಣ್ಣ ಹಾಗೆ ಕರೆಯುತ್ತಿದ್ದ, ಅದೇ ಹೆಸರಾಗಿ ಅಂಟಿಕೊಂಡಿತು. ಎದುರಿನ ಟಯರ್ ಅಂಗಡಿಯಲ್ಲಿ ಹೋದ ತಿಂಗಳು ಕೆಲಸಕ್ಕೆ ಸೇರಿದವನೂ “ತಂಗಿ, ಒಂದು ಸ್ಪ್ಯಾನರ್ ಕೊಡಿ” ಎಂದು ಬರುತ್ತಾನೆ. “ಐವತ್ತು ದಾಟಿದೆ, ಮಂಡಿ ನೋಯುತ್ತೆ, ಇನ್ನೂ ತಂಗಿ,” ಎಂದು ನಗುತ್ತಾರೆ. ಈ ಮುಂಜಾನೆ ಅವರು ನಕ್ಕದ್ದು ಅದೊಂದೇ ಸಲ. ಯಾಕೆಂದರೆ ಇವತ್ತು ಪೈಪು ತೆಗೆಯುವ ದಿನ. ಇವರ ಬಗ್ಗೆ ಲೇಖನ ಬರೆಯಲು ಬಂದಿರುವ ನನಗೆ ಇವತ್ತೇ ಬನ್ನಿ ಎಂದು ಹೇಳಿದ್ದೂ ಅದಕ್ಕೇ.

ಆ ಪೈಪುಗಳ ವಿಷಯ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಣ್ಣ ಬಸ್ಸಿನ ಬಾಡಿ ಕಟ್ಟುವವರ ಹತ್ತಿರ ಕೆಲಸ ಕಲಿತವನು. ಸ್ವಂತಕ್ಕೆ ಈ ಶೆಡ್ಡು ಹಿಡಿದಾಗ ತಂಗಿಗೆ ಹದಿನಾರು. “ಊಟದ ಡಬ್ಬಿ ಕೊಟ್ಟು ಹೋಗೋಣ ಅಂತ ಬಂದೆ. ಒಂದು ನಿಮಿಷ ಇದನ್ನ ಹಿಡ್ಕೋ ಅಂದ. ಆ ಒಂದು ನಿಮಿಷ ಇನ್ನೂ ಮುಗಿದಿಲ್ಲ.” ನಡುವೆ ಮದುವೆಯೊಂದು ಆಗಿತ್ತು, ಮುರಿಯಿತು. ಅದರ ಬಗ್ಗೆ ಕೇಳಿದರೆ “ಅದನ್ನೂ ಬರೀತೀರಾ? ಜಾಗ ದಂಡ,” ಎಂದು ಕೈ ಕೊಡವಿಬಿಡುತ್ತಾರೆ. ಅಲ್ಲಿಂದ ಮರಳಿದ ಮೇಲೆ ಶೆಡ್ಡಿನ ಮೇಲಿನ ಎರಡು ಕೋಣೆಯ ಮನೆಯಲ್ಲಿ ಅಣ್ಣ, ಅತ್ತಿಗೆಯ ಜೊತೆಗೇ ಇದ್ದರು. ಅಣ್ಣ ತೀರಿಕೊಂಡು ವರ್ಷ ದಾಟಿದೆ, ಈಗ ಅಲ್ಲಿ ಅತ್ತಿಗೆ, ಇವರು ಇಬ್ಬರೇ.

ಇಂಥ ಲೇಖನಕ್ಕೆ ಬಂದವರು ಕಷ್ಟ ಸುಖ ಕೇಳಿ ಕಣ್ಣೊರೆಸಿಕೊಂಡು ಹೋಗುವುದು ವಾಡಿಕೆ. ತಂಗಿಗೆ ಅದು ಹಿಡಿಸುವುದಿಲ್ಲ. ಕಷ್ಟದ ಬಗ್ಗೆ ಕೇಳಿದಾಗಲೆಲ್ಲ ಕೆಲಸದ ಬಗ್ಗೆ ಹೇಳುತ್ತಾರೆ. ಆದರೂ ಒಂದಷ್ಟು ಬಾಯಿಬಿಡಿಸಿದ್ದೇನೆ. ಎಡಗಿವಿ ಅರ್ಧ ಮಂದ. ಕಾರಿನ ಒಳಗೆ ಕೂತವರಿಗೆ ಸುತ್ತಿಗೆಯ ಸದ್ದು ಹೊರಗಿನವರಿಗಿಂತ ಹೆಚ್ಚು. ಡಾಲಿ ಹಿಡಿದ ಬೆರಳುಗಳು ಚಳಿಗಾಲದಲ್ಲಿ ಮಡಚಿಕೊಂಡರೆ ಬಿಚ್ಚುವುದಿಲ್ಲ, ಬಿಸಿನೀರಿನ ಪಾತ್ರೆಯಲ್ಲಿ ಅದ್ದಿಕೊಂಡು ಬಿಡಿಸಿಕೊಳ್ಳಬೇಕು. ದಿನಕ್ಕೆ ಎರಡೋ ಮೂರೋ ಗಾಡಿ ಬರುತ್ತವೆ: ಗೇಟಿಗೆ ತಾಗಿಸಿಕೊಂಡ ಬಂಪರು, ಕಂಬಕ್ಕೆ ಉಜ್ಜಿಕೊಂಡ ಬಾಗಿಲು, ಬಿದ್ದು ಸೊಟ್ಟಗಾದ ಸ್ಕೂಟರಿನ ಮಡ್‌ಗಾರ್ಡು. ಹೊಟ್ಟೆಪಾಡಿಗೆ ಅಷ್ಟು ಸಾಕು.

ಗಿರಾಕಿಗಳಿಗೆ ಮಾತ್ರ ಇವರ ಮೇಲೆ ಇನ್ನೂ ನಂಬಿಕೆ ಬಂದಿಲ್ಲ. ಶಟರಿನ ಹತ್ತಿರ ನಿಂತು ಒಳಗೆ ಇಣುಕಿ, “ಮೇಸ್ತ್ರಿ ಎಲ್ಲಿ?” ಎನ್ನುತ್ತಾರೆ. ಅಣ್ಣ ಇದ್ದಾಗ ಅವನು ಸಾಮಾನು ತರಲು ಹೋದ ಹೊತ್ತಿನಲ್ಲಿ “ಹೊರಗೆ ಹೋಗಿದ್ದಾರೆ, ಬರ್ತಾರೆ, ಗಾಡಿ ಬಿಟ್ಟು ಹೋಗಿ,” ಎಂದು ಹೇಳಿ ತಾವೇ ಕೆಲಸ ಮುಗಿಸಿಡುತ್ತಿದ್ದರಂತೆ.

“ಈಗ ಏನಂತೀರಿ?” ಎಂದು ಕೇಳಿದೆ.

“ಈಗಲೂ ಅದನ್ನೇ ಅಂತೀನಿ. ಹೊರಗೆ ಹೋಗಿದ್ದಾರೆ.”

 ತಂಗಿ ಎದ್ದು ಶೆಡ್ಡಿನ ಹಿಂದಿನ ಕಿಟಕಿಗೆ ಮುಚ್ಚಿದ್ದ ರಟ್ಟು ಸರಿಸಿದರು. ಓರೆಯಾಗಿ ಒಳಬಂದ ಎಳೆಬಿಸಿಲು ಕಾರಿನ ಮೈಮೇಲೆ ಉದ್ದಕ್ಕೆ ಮಲಗಿತು. ತಗಡಿನ ಅಂಕುಡೊಂಕು ಕಾಣುವುದು ಹೀಗೆ ಓರೆ ಬಿದ್ದ ಬೆಳಕಿನಲ್ಲೇ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ನೆಟ್ಟಗಿರುವಂತೆ ತೋರುತ್ತದೆ. ಹಾಗಾಗಿ ಗಿರಾಕಿಗಳ ಕೆಲಸ ಹಗಲಿಗೆ, ಈ ಕಾರಿನ ಕೆಲಸ ಬೆಳಗಿನ ಜಾವಕ್ಕೆ.

ಈ ಕಾರು ಅಣ್ಣನದು. ಜೀವಮಾನವಿಡೀ ಬೇರೆಯವರ ವಾಹನ ನೆಟ್ಟಗೆ ಮಾಡಿದವನಿಗೆ ತನ್ನದೂ ಒಂದು ಇರಲಿ ಎಂಬ ಆಸೆ ಹುಟ್ಟಿದ್ದು ತಡವಾಗಿ. ಗುಜರಿಯಲ್ಲಿ ಬಿದ್ದಿದ್ದ, ಯಾವುದೋ ಕಾಲದ ಎರಡು ಬಾಗಿಲಿನ ಕಾರಿನ ಖಾಲಿ ಬಾಡಿಯನ್ನು ತಳ್ಳುಗಾಡಿಯ ಮೇಲೆ ತಂದ. ಅದನ್ನು ಹಿಂದಿದ್ದಂತೆ ಮಾಡುವುದು ಅವನ ಉದ್ದೇಶವಾಗಿರಲಿಲ್ಲ. ಛಾವಣಿಯ ಕಂಬಗಳನ್ನು ನಾಲ್ಕು ಬೆರಳು ಕತ್ತರಿಸಿ ಗಿಡ್ಡ ಮಾಡಿದ. ವ್ಯಾನೊಂದರ ಎಂಜಿನ್ ಕೂರಿಸಿದ. ಮೂಗನ್ನು ತಾನೇ ತಗಡು ಬಡಿದು ಹೊಸದಾಗಿ ಮಾಡಿದ. ವೈರಿಂಗ್ ಕಲಿತ, ಸೀಟು ಹೊಲಿಯುವುದನ್ನೂ ಕಲಿತ. ಕಾರಿನ ಮುಂದೆ ನಿಂತರೆ ಅದು ತಲೆ ತಗ್ಗಿಸಿ ಹುಬ್ಬಿನಡಿಯಿಂದ ನೋಡುವ ಮನುಷ್ಯನ ಹಾಗೆ ಕಾಣುತ್ತದೆ.

“ಒಂದೇ ಷರತ್ತು ಹಾಕ್ಕೊಂಡಿದ್ದ. ಗಾಜು, ಟಯರು ಎರಡನ್ನ ಬಿಟ್ಟು ಹೊರಗೆ ಕೊಟ್ಟು ಮಾಡಿಸೋದು ಒಂದೂ ಇರಬಾರ್ದು. ಬೇರೆಯವರು ಮಾಡಿದ್ರೆ ಅದು ನಮ್ಮ ಹತ್ರ ಇರೋ ಕಾರು, ನಾವು ಮಾಡಿದ ಕಾರಲ್ಲ ಅಂತಿದ್ದ.”

“ನಾವು ಅಂತಿದ್ರಾ, ನಾನು ಅಂತಿದ್ರಾ?”

ತಂಗಿ ಸ್ವಲ್ಪ ಯೋಚಿಸಿದರು. “ನಾನು ಅಂತಿದ್ದ. ಆಮೇಲೆ ನನ್ನ ಮುಖ ನೋಡಿ ನಾವು ಅಂತಿದ್ದ.”

ಕೆಲಸ ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಅಣ್ಣನ ಶ್ವಾಸಕೋಶ ಕೈಕೊಟ್ಟಿತು. ವರ್ಷಗಟ್ಟಲೆ ಕುಡಿದ ಬಣ್ಣದ ಹೊಗೆ, ಬೆಸುಗೆಯ ಹೊಗೆ, ತುಕ್ಕಿನ ಪುಡಿ. ಡಾಕ್ಟರು ಶೆಡ್ಡಿಗೆ ಇಳಿಯಲೇಬಾರದು ಎಂದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೆಟ್ಟಿಲಿಳಿದು ಬರುವುದಕ್ಕೇ ಎರಡು ಕಡೆ ಕೂತು ಸುಧಾರಿಸಿಕೊಳ್ಳಬೇಕಾಗಿತ್ತು, ಆದರೂ ಇಳಿದು ಬರುತ್ತಿದ್ದ. ಆಗ ಉಳಿದಿದ್ದದ್ದು ಎರಡೇ ದೊಡ್ಡ ಕೆಲಸ. ಒಂದು, ಛಾವಣಿಯ ನಡುವಿನ ಅಲೆಗಳನ್ನು ಬಡಿದು ಸಮ ಮಾಡುವುದು. ಇನ್ನೊಂದು, ಹೊಸ್ತಿಲು.

ಕಾರಿಗೂ ಹೊಸ್ತಿಲಿರುತ್ತದೆ. ಬಾಗಿಲು ತೆರೆದು ಕಾಲಿಟ್ಟು ದಾಟುತ್ತೇವಲ್ಲ, ಆ ಉದ್ದನೆಯ ಪಟ್ಟಿ. ಒಳಗೆ ಟೊಳ್ಳಾದ ತಗಡಿನ ಪೆಟ್ಟಿಗೆ. ನೋಡಲು ಏನೂ ಅಲ್ಲ, ಆದರೆ ಕಾರಿನ ನಡು ಮುರಿಯದಂತೆ ಹಿಡಿದಿರುವುದು ಅದೇ. ತುಕ್ಕು ಹಿಡಿದ ಹೊಸ್ತಿಲನ್ನು ಕತ್ತರಿಸಿ ಹೊಸದು ಹಾಕುವ ಮುಂಚೆ ಬಾಗಿಲಿನ ಬಾಯಿಗೆ ಅಡ್ಡಡ್ಡ ಕಬ್ಬಿಣದ ಪೈಪುಗಳನ್ನು ಕೊಟ್ಟು ಬೆಸೆದುಕೊಳ್ಳಬೇಕು. ಇಲ್ಲದಿದ್ದರೆ ಹೊಸ್ತಿಲು ತೆಗೆದ ಕೂಡಲೇ ಬಾಡಿ ನಡುವಿನಲ್ಲಿ ಬೆರಳಷ್ಟು ಕುಸಿಯುತ್ತದೆ. ಕುಸಿದದ್ದು ಕಣ್ಣಿಗೆ ಕಾಣಿಸುವುದಿಲ್ಲ. ಆ ಸ್ಥಿತಿಯಲ್ಲೇ ಹೊಸ ಹೊಸ್ತಿಲನ್ನು ಬೆಸೆದುಬಿಟ್ಟರೆ ಆ ಸೊಟ್ಟ ಅಲ್ಲೇ ಗಟ್ಟಿಯಾಗುತ್ತದೆ, ಬಾಗಿಲು ಮತ್ತೆಂದೂ ಸರಿಯಾಗಿ ಕೂರುವುದಿಲ್ಲ. ಈ ಬೀದಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿಸುವ ಪಾಠ ಇದು. ತಂಗಿಗೆ ಇದನ್ನು ಕಲಿಸಿದವನೂ ಅಣ್ಣನೇ.

ಬಲಬದಿಯ ಹೊಸ್ತಿಲನ್ನು ಇಬ್ಬರೂ ಸೇರಿ ನಿಯಮದಂತೆ ಮುಗಿಸಿದ್ದರು. ಎಡಬದಿಯದನ್ನು ಅಣ್ಣ ಒಬ್ಬನೇ ಮಾಡಿದ, ಪೈಪು ಕೊಡದೆ.

“ಪೈಪ್ ಆನಿಸೋಕೆ ಇಬ್ಬರು ಬೇಕು. ಒಬ್ಬರು ಹಿಡೀಬೇಕು, ಒಬ್ಬರು ಬೆಸೀಬೇಕು. ಅವತ್ತು ನಾನು ಆಸ್ಪತ್ರೆ ಸಾಲಲ್ಲಿ ನಿಂತಿದ್ದೆ, ಅವನ ಔಷಧಿಗೆ. ಸಂಜೆ ಬಂದು ನೋಡಿದ್ರೆ ಎಡಗಡೆ ಕೆಲಸ ಮುಗಿದಿದೆ, ಅವನು ಕಾರಿಗೆ ಒರಗಿ ಕೂತಿದ್ದಾನೆ. ಬೈದೆ. ಒಬ್ಬನೇ ಯಾಕೆ ಮಾಡಿದೆ ಅಂತ. ಇನ್ನೂ ಎಷ್ಟು ದಿನ ಕಾಯಲಿ ಅಂದ.”

ಬಾಗಿಲು ಸ್ವಲ್ಪ ತಾಗುತ್ತಿದೆಯಲ್ಲ ಎಂದು ಕೇಳಿದ್ದಕ್ಕೆ, ಬೆಸುಗೆಯ ಬಿಸಿಗೆ ತಗಡು ಎಳೆದುಕೊಂಡಿದೆ, ತಗ್ಗು ತುಂಬುವ ಪುಟ್ಟಿ ಹಾಕುವಾಗ ಸರಿಹೋಗುತ್ತದೆ ಎಂದನಂತೆ. ತಂಗಿ ನಂಬಿದರು. ಕೆಲಸದ ವಿಷಯದಲ್ಲಿ ಅವನು ಸುಳ್ಳು ಹೇಳಿದ್ದನ್ನು ಅವರು ಕಂಡಿರಲಿಲ್ಲ. ಅದೇ ಅವನ ಕೊನೆಯ ಕೆಲಸವೂ ಆಯಿತು.

ಅವನು ಹೋಗಿ ಎಷ್ಟೋ ದಿನ ಆ ಕಾರಿನ ಮೇಲಿನ ಹೊದಿಕೆಯನ್ನು ತಂಗಿ, ಅತ್ತಿಗೆ ಇಬ್ಬರಲ್ಲಿ ಯಾರೂ ಎತ್ತಲಿಲ್ಲ. ಒಂದು ಬೆಳಿಗ್ಗೆ ತಂಗಿ ಎತ್ತಿದರು. ಬಿಸ್ಕತ್ತು ಪೊಟ್ಟಣದ ರಟ್ಟನ್ನು ಎರಡು ಮಡಿಕೆ ಮಾಡಿ ಬಾಗಿಲಿನ ಸಂದಿನಲ್ಲಿ ಆಡಿಸಿದರು. ಇವರ ಅಳತೆಗೋಲು ಅದು. ರಟ್ಟು ಸುತ್ತಲೂ ಒಂದೇ ಸಮ ಜಾರಿದರೆ ಬಾಗಿಲು ಸರಿ. ಎಡಬಾಗಿಲಿನ ಕೆಳಗೆ ರಟ್ಟು ಸಡಿಲವಾಗಿ ಅಲುಗಿತು, ಮೇಲಿನ ಹಿಂಮೂಲೆಯಲ್ಲಿ ಒಳಗೇ ಹೋಗಲಿಲ್ಲ. ಬಗ್ಗಿ ನೋಡಿದರೆ ಬಾಗಿಲಿನ ಆ ಮೂಲೆಯನ್ನು ಅಣ್ಣ ಕಬ್ಬಿಣ ಕತ್ತರಿಸುವ ಗ್ರೈಂಡರಿನಲ್ಲಿ ಉಜ್ಜಿ ತೆಳ್ಳಗೆ ಮಾಡಿದ್ದ, ಕೆಳಗಿನ ಅಂಚಿಗೆ ಬೆಸುಗೆ ತುಂಬಿ ದಪ್ಪ ಮಾಡಿದ್ದ. ಎತ್ತಿ ದಡಾರನೆ ಬಡಿದರೆ ಮಾತ್ರ ಬಾಗಿಲು ಹಾಕಿಕೊಳ್ಳುತ್ತಿತ್ತು. ಬಾಡಿ ಕುಸಿದದ್ದು ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಮುಚ್ಚಿಟ್ಟಿದ್ದ ಎಂದು ತಂಗಿಗೆ ಆಗ ಅರ್ಥವಾಯಿತು. “ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವನು ಹೋದ ದಿನ ಅಷ್ಟು ಅತ್ತಿರ್ಲಿಲ್ಲ,” ಎನ್ನುತ್ತಾರೆ, ಏನನ್ನೂ ಮುಚ್ಚಿಡದೆ.

ದಾರಿ ಎರಡೇ ಇದ್ದವು. ಹಾಗೇ ಬಿಟ್ಟು ಮೇಲೆ ಪುಟ್ಟಿ ಬಳಿಯುವುದು. ಇಲ್ಲವೇ ಅಣ್ಣನ ಬೆಸುಗೆಯನ್ನು ಬಿಚ್ಚಿ, ಬಾಡಿಯನ್ನು ಎತ್ತಿ ಸರಿಮಾಡಿ, ಹೊಸ್ತಿಲನ್ನು ಮತ್ತೆ ಹಾಕುವುದು. ಪಕ್ಕದ ಶೆಡ್ಡಿನ ಪೇಂಟರ್ ಮಾವ ಮೊದಲಿನದಕ್ಕೇ ಓಟು ಹಾಕಿದರು. ಅಣ್ಣನ ವಾರಿಗೆಯವರು, ಬಣ್ಣದ ಕೆಲಸದಲ್ಲಿ ಎತ್ತಿದ ಕೈ. “ಎರಡು ಡಬ್ಬಿ ಪುಟ್ಟಿ ಬಳಿದು ಬಣ್ಣ ಹೊಡೆದ್ರೆ ಯಾರಪ್ಪನಿಗೂ ಗೊತ್ತಾಗಲ್ಲ ಅಂದೆ. ಬಾಗಿಲಿಗೆ ಗೊತ್ತಾಗುತ್ತಲ್ಲ ಮಾವ ಅಂದಳು. ಇವಳ ಹತ್ರ ವಾದ ಮಾಡಿ ಗೆದ್ದೋರಿಲ್ಲ,” ಎಂದು ಅವರೇ ಹೇಳಿದರು.

ವಾದ ಮಾಡಿ ಸೋಲದವರು ಒಬ್ಬರಿದ್ದರು. ಅತ್ತಿಗೆ.

“ಅವರ ಕೈಯಲ್ಲಿ ಆದದ್ದು ಅದೇ ಕೊನೇದು. ಸೊಟ್ಟಗಿದ್ರೆ ಸೊಟ್ಟಗೇ ಇರ್ಲಿ. ಅದನ್ನ ನೀನು ಕತ್ತರಿಸಿದ್ರೆ ನಾನಿನ್ನು ಈ ಮೆಟ್ಟಿಲಿಳಿದು ಶೆಡ್ಡಿಗೆ ಬರೋದಿಲ್ಲ,” ಎಂದು ಅತ್ತಿಗೆ ಹೇಳಿದರು. ತಂಗಿ ಕತ್ತರಿಸಿದರು. ಅತ್ತಿಗೆಯೂ ಮಾತು ತಪ್ಪಲಿಲ್ಲ. ಚಳಿಗಾಲ ಹೋಗಿ ಬೇಸಿಗೆ ಬಂದಿದೆ. ಇಬ್ಬರೂ ಒಂದೇ ಒಲೆಯಲ್ಲಿ ಮಾಡಿದ್ದನ್ನು ಉಣ್ಣುತ್ತಾರೆ, ಒಂದೇ ಕೋಣೆಯಲ್ಲಿ ಮಲಗುತ್ತಾರೆ, ಕಾರಿನ ಸುದ್ದಿ ಮಾತ್ರ ತೆಗೆಯುವುದಿಲ್ಲ. ಬೆಳಿಗ್ಗೆ ಅತ್ತಿಗೆ ಟೀ ಲೋಟವನ್ನು ಮೆಟ್ಟಿಲಿನ ಕೊನೆಯ ಹಂತದ ಮೇಲಿಟ್ಟು, ತಟ್ಟೆ ಮುಚ್ಚಿ, ಹಾಗೇ ಮೇಲೆ ಹೋಗುತ್ತಾರೆ. ಇವತ್ತು ಅಲ್ಲಿ ಎರಡು ಲೋಟಗಳಿದ್ದವು. ಒಂದು ನನಗೆ.

ಒಂದೇ ಕಡೆಯ ಮಾತು ಕೇಳಿ ಬರೆಯುವುದು ನ್ಯಾಯವಲ್ಲ ಎಂದು ನಾನು ಮೊದಲ ಸಲ ಬಂದಾಗ ಮೇಲೆ ಹೋಗಿ ಅತ್ತಿಗೆಯನ್ನೂ ಕಂಡಿದ್ದೆ. ಕಿಟಕಿ ಪಕ್ಕ ಕೂತು ಬಟ್ಟೆಗೆ ಗುಂಡಿ ಹಾಕುತ್ತಿದ್ದರು. ಗೋಡೆಯ ಮೊಳೆಯಲ್ಲಿ ಗಂಡನ ಟೋಪಿ. ಜಗಳಗಂಟಿಯೊಬ್ಬರನ್ನು ಕಾಣುತ್ತೇನೆ ಅಂದುಕೊಂಡು ಹೋದವರಿಗೆ ನಿರಾಸೆಯಾಗುವಷ್ಟು ಮೆತ್ತಗಿನ ಮಾತು.

“ಸೊಟ್ಟ ಅಂತ ನಂಗೂ ಗೊತ್ತು. ಅವರೇ ಹೇಳಿದ್ರು. ತಂಗಿಗೆ ಹೇಳಬೇಡ ಅಂದ್ರು,” ಎಂದರು. “ಆಗ ಅವರಿಗೆ ಉಸಿರೇ ಸಾಲ್ತಿರ್ಲಿಲ್ಲ. ಆ ಉಸಿರಲ್ಲಿ ಮಾಡಿದ್ದು ಅದು. ಅವಳು ಮಾಡ್ತಿರೋದು ತಪ್ಪು ಅಂತ ನಾನು ಹೇಳಲ್ಲ. ಕೆಳಗೆ ಗ್ರೈಂಡರ್ ಸದ್ದಾದಾಗ ನಂಗೆ ಕೂರೋಕಾಗಲ್ಲ, ಅಷ್ಟೇ.”

ಕೆಳಗಿಳಿದು ಬಂದು ಇದನ್ನು ತಂಗಿಗೆ ಹೇಳಲಿಲ್ಲ. ಎರಡು ಮನಸ್ಸುಗಳ ನಡುವೆ ಟಪಾಲು ಸಾಗಿಸುವುದು ನನ್ನ ಕೆಲಸವಲ್ಲ. ಆದರೆ ಇಬ್ಬರೂ ಹೇಳುತ್ತಿರುವುದು ಒಬ್ಬನೇ ಮನುಷ್ಯನ ಬಗ್ಗೆ, ಇಬ್ಬರದೂ ಸರಿ ಎನಿಸಿ ಬಹಳ ಹೊತ್ತು ಬೇಸರವಾಯಿತು.

ಹೊಸ್ತಿಲು ಕತ್ತರಿಸುವಾಗ ಒಳಗೆ ಅಣ್ಣನ ಗುರುತೇನಾದರೂ ಸಿಕ್ಕಿತೇ ಎಂದು ತಂಗಿಯನ್ನು ಕೇಳಿದ್ದೆ. ನನ್ನಂಥವರಿಗೆ ಇಂಥ ಆಸೆಗಳಿರುತ್ತವೆ. “ತುಕ್ಕು ಸಿಕ್ತು,” ಎಂದರು.

ಬೆಸುಗೆ ಬಿಚ್ಚಿದ ಮೇಲೆ ಕಾರಿನ ನಡುವಿಗೆ ಜಾಕು ಕೊಟ್ಟು, ದಿನಕ್ಕೆ ಉಗುರಿನಷ್ಟು ಎತ್ತುತ್ತ, ರಟ್ಟು ಆಡಿಸಿ ನೋಡುತ್ತ, ಬಾಗಿಲಿನ ಬಾಯಿ ಮೊದಲಿನ ಆಕಾರಕ್ಕೆ ಬರುವ ತನಕ ಕಾದರು. ಆಮೇಲೆ ಮೂರು ಪೈಪುಗಳನ್ನು ಕೊಟ್ಟು ಬಿಗಿದರು. ಹಿಡಿಯಲು ಇನ್ನೊಬ್ಬರಿಲ್ಲದ್ದರಿಂದ ಪೈಪನ್ನು ಹಗ್ಗದಲ್ಲಿ ತೂಗುಹಾಕಿ, ಮೊಣಕಾಲಲ್ಲಿ ಒತ್ತಿ ಹಿಡಿದು ಬೆಸೆದರು. ಹೊಸ ಹೊಸ್ತಿಲನ್ನು ಮಡಚಿ ಮಾಡಿ ಕೂರಿಸಿದರು. ಒಂದೇ ಸಮ ಬೆಸೆದರೆ ಬಿಸಿಗೆ ತಗಡು ಎಳೆದುಕೊಳ್ಳುತ್ತದೆಂದು ಇಲ್ಲೊಂದು ಹೊಲಿಗೆ, ಅಲ್ಲೊಂದು ಹೊಲಿಗೆ; ಮುಟ್ಟಿದರೆ ತಣ್ಣಗಾಗುವವರೆಗೆ ಮುಂದಿನದಿಲ್ಲ. ಅಣ್ಣ ಉಜ್ಜಿ ತೆಳ್ಳಗೆ ಮಾಡಿದ್ದ ಬಾಗಿಲಿನ ಮೂಲೆಗೂ ಹೊಸ ತಗಡು ಸೇರಿಸಿದರು. ಪೇಂಟರ್ ಮಾವ ಸಹಾಯಕ್ಕೆ ಬರುತ್ತೇನೆಂದು ಎಷ್ಟೋ ಸಲ ಹೇಳಿದರೂ ಬೇಡ ಎಂದರು.

“ಅಣ್ಣನ ಕೆಲಸ ಬಿಚ್ಚಿದ್ದು ನಾನು. ಕಟ್ಟೋದೂ ನಾನೇ ಆಗ್ಬೇಕು. ಕೆಟ್ಟರೆ ಬೈಸ್ಕೊಳ್ಳೋಕೆ ಒಬ್ಬಳೇ ಇರ್ತೀನಿ.”

ಛಾವಣಿ ಮಾತ್ರ ಹಾಗೇ ಉಳಿದಿದೆ. ಅದರ ನಡುಭಾಗಕ್ಕೆ ಒಬ್ಬರ ಎರಡೂ ಕೈ ಎಟುಕುವುದಿಲ್ಲ. ಮೇಲಿನಿಂದ ಹೊಡೆಯಲು ಒಬ್ಬರು, ಒಳಗೆ ಕೂತು ಹಿಡಿಯಲು ಒಬ್ಬರು ಬೇಕೇ ಬೇಕು. ಅಲ್ಲೂ ಪೇಂಟರ್ ಮಾವನಿಗೆ ಅವಕಾಶವಿಲ್ಲ. “ಮಾವನ ಕೈ ಭಾರ,” ಎನ್ನುತ್ತಾರೆ ತಂಗಿ. ಅಷ್ಟು ಹೇಳಿ ಮಾತು ಬದಲಿಸುತ್ತಾರೆ.

ಈಗ ಪೈಪು. ಪೈಪು ಇರುವ ತನಕ ಬಾಡಿ ನೆಟ್ಟಗೇ ಇರುತ್ತದೆ, ಅದರಲ್ಲಿ ಹೊಸ್ತಿಲಿನ ಹೆಚ್ಚುಗಾರಿಕೆ ಏನಿಲ್ಲ. ತೆಗೆದ ಮೇಲೆ ಎಲ್ಲ ಭಾರವೂ ಹೊಸ್ತಿಲ ಮೇಲೆ ಬೀಳುತ್ತದೆ. ಆಗಲೂ ನಿಂತರೆ ನಿಂತಿತು. ಕುಸಿದರೆ ತಂಗಿಯ ಇಷ್ಟು ತಿಂಗಳ ಕೆಲಸವೂ ಹೋಯಿತು, ಅಣ್ಣನ ಕೊನೆಯ ಕೆಲಸವನ್ನು ಸುಮ್ಮಸುಮ್ಮನೆ ಹಾಳುಮಾಡಿದ ಹಾಗೂ ಆಯಿತು. ಮೇಲೆ ಕಿಟಕಿ ಪಕ್ಕ ಕೂತಿರುವವರಿಗೆ ಏನು ಹೇಳುವುದೆಂದು ಇವರಿಗೆ ಗೊತ್ತಿಲ್ಲ. “ಅದನ್ನ ಯೋಚನೆ ಮಾಡೇ ಇಲ್ಲ,” ಎನ್ನುತ್ತಾರೆ. ಮಾಡದೆ ಇರುತ್ತಾರೆಯೇ.

ಪೇಂಟರ್ ಮಾವ ಕರೆಯದೇ ಬಂದು ಶಟರನ್ನು ಪೂರ್ತಿ ಎತ್ತಿ ಮೂಲೆಯಲ್ಲಿ ನಿಂತಿದ್ದಾರೆ.  ಕಾರು ತನ್ನ ನಾಲ್ಕು ಚಕ್ರಗಳ ಮೇಲಿದೆ. ತಂಗಿ ನಡುವಿನ ಜಾಕನ್ನು ಇಳಿಸಿ ಎಳೆದು ಪಕ್ಕಕ್ಕಿಟ್ಟರು. ಕನ್ನಡಕ ಹಾಕಿಕೊಂಡು ಗ್ರೈಂಡರ್ ಎತ್ತಿಕೊಂಡರು. ಶುರುಮಾಡುವ ಮುಂಚೆ ಒಂದು ಸಲ ಮೇಲ್ಗಡೆ ನೋಡಿದರು, ಮಹಡಿಯ ಹಲಗೆಗಳತ್ತ.

ಕತ್ತರಿಸಿದ ಪೈಪಿನ ಬಾಯಿಯನ್ನು ನೋಡಬೇಕೆಂದು ನನಗೆ ಮೊದಲೇ ಹೇಳಿದ್ದರು. ಬಾಡಿಯಲ್ಲಿ ಸೆಳೆತವಿದ್ದರೆ ಕತ್ತರಿಸಿದ ಸಂದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಬ್ಲೇಡನ್ನೇ ಕಚ್ಚಿ ಹಿಡಿದುಬಿಡುತ್ತದೆ. ಮೊದಲ ಪೈಪು ಕಿಡಿ ಕಾರಿ ತುಂಡಾಯಿತು. ಸಂದು ಇದ್ದ ಹಾಗೇ ಇತ್ತು. ಎರಡನೆಯದೂ ಹಾಗೆಯೇ. ಮೂರನೆಯದು ಅರ್ಧ ದಾಟಿದಾಗ ಗ್ರೈಂಡರಿನ ದನಿ ಸ್ವಲ್ಪ ಕುಗ್ಗಿತು. ತಂಗಿ ಕೈ ನಿಲ್ಲಿಸಿದರು. ಉಸಿರು ಬಿಟ್ಟರು. ಮತ್ತೆ ಮುಂದುವರಿಸಿದರು. ಪೈಪು ತುಂಡಾಯಿತು. ಸಂದು ಒಂದು ಕೂದಲಷ್ಟು ಕಿರಿದಾಗಿತ್ತು, ಅಷ್ಟೇ.

“ಅಷ್ಟು ಆಗುತ್ತೆ,” ಎಂದರು ಪೇಂಟರ್ ಮಾವ.

ತಂಗಿ ಬಿಚ್ಚಿ ಗೋಡೆಗೆ ಆನಿಸಿದ್ದ ಎಡಬಾಗಿಲನ್ನು ತಂದರು. ಇದೊಂದಕ್ಕೆ ಮಾವನ ಕೈಯನ್ನು ಒಪ್ಪಿಕೊಂಡರು. ಅವರು ಎತ್ತಿ ಹಿಡಿದರು, ಇವರು ಕೀಲುಗಳಿಗೆ ಬೋಲ್ಟು ಹಾಕಿದರು. ಬಾಗಿಲನ್ನು ಮೆಲ್ಲಗೆ ತಂದು ಹತ್ತಿರ ಮಾಡಿದರು. ಅದು ಹಿಂದಿನ ಮೇಲ್ಮೂಲೆಯಲ್ಲಿ ಕಿರ್ರೆಂದು ತಾಗಿ ನಿಂತಿತು.

ಅದೇ ಮೂಲೆ. ಅಣ್ಣ ಉಜ್ಜಿದ್ದ ಅದೇ ಜಾಗ.  ತಂಗಿ ಹಣೆಯನ್ನು ಛಾವಣಿಯ ಅಂಚಿಗೆ ಆನಿಸಿ ಕಣ್ಣು ಮುಚ್ಚಿಕೊಂಡು ಒಂದಷ್ಟು ಹೊತ್ತು ನಿಂತರು. ಆಮೇಲೆ ಜೇಬಿನಿಂದ ಬಿಸ್ಕತ್ತಿನ ರಟ್ಟು ತೆಗೆದರು. ಕೆಳಗೆ ಆಡಿಸಿದರು, ಸರಿಯಾಗಿ ಜಾರಿತು. ಮುಂದಿನ ಅಂಚು, ಸರಿ. ಹಿಂದಿನ ಅಂಚು ಕೆಳಗಿನಿಂದ ಮೇಲಕ್ಕೆ ಒಂದೇ ಸಮ ಜಾರಿ, ಮೂಲೆಗೆ ಬಂದಾಗ ಬಿಗಿಯಾಯಿತು, ಆದರೆ ಒಳಗೆ ಹೋಯಿತು. “ಬಾಡಿ ಅಲ್ಲ,” ಎಂದರು ತಮ್ಮಷ್ಟಕ್ಕೇ. “ಕೀಲು.”

ಮೇಲಿನ ಕೀಲಿನ ಬೋಲ್ಟುಗಳನ್ನು ಸಡಿಲಿಸಿ, ಬಾಗಿಲಿನಡಿಗೆ ಭುಜ ಕೊಟ್ಟು ಒಂದಿಷ್ಟೇ ಮುಂದಕ್ಕೊತ್ತಿ, ಮತ್ತೆ ಬಿಗಿದರು. ಈ ಸಲ ಹಿಡಿಯನ್ನು ಹಿಡಿಯಲಿಲ್ಲ. ತೋರುಬೆರಳೊಂದನ್ನು ಬಾಗಿಲಿನ ಅಂಚಿಗಿಟ್ಟು ತಳ್ಳಿದರು. ಬಾಗಿಲು ಹೋಗಿ, ಟಕ್ ಎಂದು, ಕೂತಿತು.

ಪೇಂಟರ್ ಮಾವ ಮುಖ ಆಚೆ ತಿರುಗಿಸಿ ಮೂಗು ಒರೆಸಿಕೊಂಡರು. ತಂಗಿ ಬಾಗಿಲು ತೆಗೆದರು, ಮತ್ತೆ ಬೆರಳಲ್ಲಿ ತಳ್ಳಿದರು. ಮತ್ತೆ ತೆಗೆದರು, ಮತ್ತೆ ತಳ್ಳಿದರು. ಅದೇ ಸದ್ದು.

ಈ ಮನೆಯಲ್ಲಿ ಕೆಳಗೆ ನಡೆಯುವುದೆಲ್ಲ ಸದ್ದಿನಿಂದಲೇ ಮೇಲಿನವರಿಗೆ ತಿಳಿಯುತ್ತದೆ. ಬಡಿದು ಹಾಕುವ ಬಾಗಿಲನ್ನೇ ಕೇಳಿದ್ದ ಕಿವಿಗೆ ಇದು ಹೊಸ ಸದ್ದು. ಮೆಟ್ಟಿಲ ಮೇಲೆ ಚಪ್ಪಲಿ ಸರಿದ ಶಬ್ದವಾಯಿತು. ಅತ್ತಿಗೆ ಕೊನೆಯ ಹಂತದಲ್ಲಿ, ಖಾಲಿ ಲೋಟಗಳ ಪಕ್ಕ ನಿಂತರು. ನಮ್ಮ ಯಾರ ಮುಖವನ್ನೂ ನೋಡದೆ ಲೋಟಗಳನ್ನು ದಾಟಿ ಒಳಗೆ ಬಂದರು. ಕಾರಿನ ಸುತ್ತ ಒಂದು ಸುತ್ತು ನಿಧಾನವಾಗಿ ಹಾಕಿ, ಎಡಬಾಗಿಲು ತೆರೆದು, ಸೀಟಿಲ್ಲದ ಕಾರಿನೊಳಗೆ ತಗಡಿನ ನೆಲದ ಮೇಲೆಯೇ ಕಾಲು ಮಡಚಿ ಕೂತರು. ಬಾಗಿಲನ್ನು ಎಳೆದುಕೊಂಡರು. ಅದು ಸದ್ದಿಲ್ಲದಷ್ಟು ಮೆತ್ತಗೆ ಹಾಕಿಕೊಂಡಿತು.

ಗಾಜಿಲ್ಲದ ಕಿಟಕಿಯ ಚೌಕಟ್ಟಿನಲ್ಲಿ ಅವರ ಮುಖ ಕಾಣುತ್ತಿತ್ತು.

“ಅವರು ಮಾಡಿದ್ದು ಏನಾದ್ರೂ ಉಳಿದಿದೆಯಾ ಇದರಲ್ಲಿ?” ಎಂದು ಕೇಳಿದರು.

ತಂಗಿ ಹೊಸ್ತಿಲನ್ನು ತೋರಿಸಿದರು. “ಇದೊಂದು ನಂದು, ಅತ್ತಿಗೆ. ಆ ಮೂಲೆ ನಂದು. ಉಳಿದದ್ದೆಲ್ಲ ಅವನದ್ದೇ.”

ಅತ್ತಿಗೆ ಒಳಗಿನಿಂದಲೇ ಛಾವಣಿಯ ಮೇಲೆ ಅಂಗೈ ಆಡಿಸಿದರು, ಮಗುವಿನ ಮೈ ಬಿಸಿಯಾಗಿದೆಯೇ ಎಂದು ನೋಡುವವರ ಹಾಗೆ. ಅಲೆಅಲೆಯಾಗಿದ್ದ ನಡುಭಾಗದಲ್ಲಿ ಕೈ ನಿಂತಿತು.

“ಇಲ್ಲಿ ಸರಿಯಿಲ್ಲ.”

“ಇಲ್ಲ. ಅದಕ್ಕೆ ಇಬ್ಬರು ಬೇಕು.”

ನಾನು ಬೀಳ್ಕೊಳ್ಳುವ ಮುಂಚೆ ತಂಗಿಗೆ ಕೇಳಲೆಂದು ಇಟ್ಟುಕೊಂಡಿದ್ದ ಪ್ರಶ್ನೆಯೊಂದಿತ್ತು, ಇಂಥ ಲೇಖನಗಳ ಕೊನೆಯಲ್ಲಿ ಎಲ್ಲರೂ ಕೇಳುವಂಥದ್ದು: ನಿಮ್ಮ ಆಸೆ ಏನು? ಅದನ್ನು ಕೇಳಲಿಲ್ಲ. ಆ ಹೊತ್ತಿಗೆ ಅತ್ತಿಗೆ ಕಿಟಕಿಯಿಂದ ಕೈ ಹೊರಗೆ ಚಾಚಿದ್ದರು, ಅಂಗೈ ಮೇಲು ಮಾಡಿ. ತಂಗಿ ಒಂದು ಕ್ಷಣ ಅದನ್ನು ನೋಡುತ್ತ ನಿಂತರು. ಕಬ್ಬಿಣದ ಗಟ್ಟಿಯನ್ನು ಶರಟಿನ ಅಂಚಿನಲ್ಲಿ ಒರೆಸಿ ಆ ಅಂಗೈಯಲ್ಲಿಟ್ಟ ಮೇಲೆ, ಸುತ್ತಿಗೆ ತೆಗೆದುಕೊಂಡು ಸ್ಟೂಲನ್ನು ಕಾರಿನ ಪಕ್ಕಕ್ಕೆಳೆದು ಹತ್ತಿ ನಿಂತರು. ಸ್ಟೂಲಿನ ಗಿಡ್ಡ ಕಾಲಿನಡಿಗೆ ಪೇಂಟರ್ ಮಾವ ಬಂದು ತಮ್ಮ ಪಾದ ಒತ್ತಿ ಹಿಡಿದರು.

“ಹೇಗೆ ಹಿಡೀಬೇಕು?” ಎಂದಿತು ಒಳಗಿನ ದನಿ.

“ಬಿಗಿಯಾಗಿ ಬೇಡ, ಅತ್ತಿಗೆ. ಸುಮ್ನೆ ಆನಿಸ್ಕೊಂಡಿರಿ. ನಾನು ಎಲ್ಲಿ ಹೊಡೀತೀನಿ ಅಂತ ನಿಮ್ಮ ಕೈಗೇ ಗೊತ್ತಾಗುತ್ತೆ.”